ಮಾತ್ರೆ, ತೇಪೆ, ಜೆಲ್, ಕಾಳು: ಗಣಿತದ ಟೀಚರ್ ತಂದ ಕೋಷ್ಟಕ

ನೋಟ್‌ಬುಕ್ಕಿನ ಹಾಳೆಯನ್ನು ಅಡ್ಡ ತಿರುಗಿಸಿ, ಸ್ಕೇಲಿಟ್ಟು ಐದು ಅಂಕಣ ಎಳೆದುಕೊಂಡು ಬಂದಿದ್ದರು. ವಯಸ್ಸು ನಲವತ್ತೊಂಬತ್ತು, ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ಗುರುತು ಹತ್ತದಿರಲೆಂದು ಮನೆಯ ಕೆಲವು ವಿವರಗಳನ್ನು ಬದಲಿಸಿ, ಊರಿನ ಹೆಸರನ್ನು ಬಿಟ್ಟಿದ್ದೇನೆ. ಇಲ್ಲಿ ಅವರು ಬರೀ ಟೀಚರ್. ಅಂಕಣಗಳ ತಲೆಯ ಮೇಲೆ ಮಾತ್ರೆ, ತೇಪೆ, ಜೆಲ್, ಕಾಳು ಎಂದು ದುಂಡಗೆ ಬರೆದಿದ್ದರು: ಋತುಬಂಧದ ತೊಂದರೆಗೆ ಹಾರ್ಮೋನನ್ನು ನುಂಗುವ, ಚರ್ಮಕ್ಕೆ ಅಂಟಿಸುವ, ಹಚ್ಚುವ, ಚರ್ಮದಡಿ ಇಡಿಸಿಕೊಳ್ಳುವ ನಾಲ್ಕು ದಾರಿಗಳು. ಐದನೆಯದರ ಮೇಲೆ ‘ಯೋ’ ಎಂಬ ಒಂದೇ ಅಕ್ಷರ.

“ಮೇಡಂ, ಇದರಲ್ಲಿ ಯಾವುದಕ್ಕೆ ಹೆಚ್ಚು ಅಂಕ ಕೊಡುತ್ತೀರಿ?” ಎಂದರು.

ನಾನು ವೈದ್ಯೆಯಲ್ಲ, ಸ್ತ್ರೀರೋಗ ತಜ್ಞೆಯೊಬ್ಬರ ಚಿಕಿತ್ಸಾಲಯದಲ್ಲಿ ಆಪ್ತಸಲಹೆಗಾರ್ತಿ. ಔಷಧಿ ಬರೆಯುವುದು ಅವರ ಕೆಲಸ. ಬರೆಯುವ ಮೊದಲು ಹೇಳಬೇಕಾದದ್ದನ್ನು ಹೇಳಿಸುವುದು, ಬರೆದ ಮೇಲೆ ಅರ್ಥವಾಗದೆ ಉಳಿದದ್ದನ್ನು ಬಿಡಿಸಿ ಹೇಳುವುದು ನನ್ನದು. ಹಾಗಾಗಿ ಅಂಕ ಕೊಡದೆ, ಈ ಹಾಳೆ ಬರೆಯುವ ಹಾಗೆ ಏನಾಯಿತು ಎಂದು ಕೇಳಿದೆ.

ಆಗಿದ್ದು ಇಷ್ಟು. ಮುಟ್ಟು ನಿಂತು ಹದಿನಾಲ್ಕು ತಿಂಗಳಾಗಿತ್ತು. ಎದೆಯಿಂದ ಎದ್ದ ಕಾವು ಕಿವಿಯವರೆಗೂ ಏರಿ, ಎರಡು ನಿಮಿಷದಲ್ಲಿ ಕುಪ್ಪಸ ಒದ್ದೆಯಾಗುವುದು ದಿನಕ್ಕೆ ಎಂಟು ಹತ್ತು ಸಲ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಅದನ್ನೆಲ್ಲ ಹೇಗೋ ಸಹಿಸಿಕೊಂಡಿದ್ದರು. ಸಹಿಸಲಾಗದೇ ಹೋದದ್ದು ಹತ್ತನೆಯ ತರಗತಿಯಲ್ಲಿ ವರ್ಗಸಮೀಕರಣ ಬಿಡಿಸುತ್ತಿದ್ದ ಒಂದು ಮಧ್ಯಾಹ್ನ. ಕಾವು ಏರಿತು, ಇಪ್ಪತ್ತೈದು ವರ್ಷ ಬರೆದ ಸೂತ್ರದ ಮುಂದಿನ ಚಿಹ್ನೆ ಕೈಗೆ ಬರಲಿಲ್ಲ, ಬೆವರು ಒರೆಸಿಕೊಳ್ಳಲು ಕರವಸ್ತ್ರವೆಂದುಕೊಂಡು ಎತ್ತಿದ್ದು ಡಸ್ಟರ್. ಮುಖದ ತುಂಬ ಸೀಮೆಸುಣ್ಣದ ಪುಡಿ. ಹುಡುಗರು ನಕ್ಕರು. “ನಗಲಿ ಬಿಡಿ, ನಾನಾಗಿದ್ದರೂ ನಗುತ್ತಿದ್ದೆ. ಆದರೆ ಆ ಚಿಹ್ನೆ ಯಾಕೆ ಬರಲಿಲ್ಲ?” ಇದನ್ನು ಹೇಳುವಾಗ ಅವರ ದನಿ ನಡುಗಿತು. ಮೊದಲ ಭೇಟಿಯ ಹೆಚ್ಚಿನ ಸಮಯ ಹೋದದ್ದು ಆ ಒಂದು ಚಿಹ್ನೆಯ ಮೇಲೆಯೇ. ಋತುಬಂಧದ ಆಸುಪಾಸಿನಲ್ಲಿ ಮರೆವು ಕಾಡುವುದು ಸಾಮಾನ್ಯ, ನಿದ್ದೆಗೆಟ್ಟರೆ ಇನ್ನಷ್ಟು. ಅದು ಅರಳುಮರುಳಿನ ಮೊದಲ ಮೆಟ್ಟಿಲಲ್ಲ ಎಂದು ನಾನು ಹೇಳಿದ ಮೇಲೆಯೇ, ಮುಂದೆ ತಂದಿಟ್ಟಿದ್ದ ನೀರನ್ನು ಅವರು ಕುಡಿದದ್ದು.

ಹಾಳೆಯ ಹಿಂದೆ ಟೆಕ್ಸಾಸಿನಲ್ಲಿರುವ ತಂಗಿ ಇದ್ದರು. ಆಕೆ ಸೊಂಟದ ಕೆಳಗೆ ಚರ್ಮದಡಿ ಹಾರ್ಮೋನಿನ ಕಾಳು ಹಾಕಿಸಿಕೊಂಡಿದ್ದಾರೆ. ಅಕ್ಕಿಕಾಳಿನ ಗಾತ್ರದ್ದು, ಮೂರರಿಂದ ಆರು ತಿಂಗಳಿಗೊಮ್ಮೆ ಹೊಸದು. “ಇದು ಬಯೋಐಡೆಂಟಿಕಲ್, ಪೂರಾ ಸಹಜ, ಆ ಹಳೆಯ ಮಾತ್ರೆಗಳ ಹಾಗಲ್ಲ” ಎಂದು ವಾರಕ್ಕೊಂದು ಸಲ ಫೋನು.

ಈ ‘ಸಹಜ’ ಎಂಬ ಮಾತಿನ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಬಯೋಐಡೆಂಟಿಕಲ್ ಎಂದರೆ ಅಂಡಾಶಯ ಮಾಡುವ ಹಾರ್ಮೋನಿನ ರಚನೆಯೇ ಇರುವುದು ಎಂದಷ್ಟೇ ಅರ್ಥ: ಎಸ್ಟ್ರಡಯಾಲ್ (ಈಸ್ಟ್ರೋಜೆನ್ನಿನ ಮುಖ್ಯ ರೂಪ), ಪ್ರೊಜೆಸ್ಟೆರಾನ್. ಅದು ತಯಾರಾಗುವುದು ಸೋಯಾ ಅಥವಾ ಕಾಡುಗೆಣಸಿನ ಸತ್ವದಿಂದ, ಕಾರ್ಖಾನೆಯಲ್ಲಿ. ನಿಸರ್ಗದಿಂದ ನೇರ ಬಂದದ್ದೇ ಬೇಕೆಂದರೆ ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜೆನ್ ಮಾತ್ರೆ 1942ರಿಂದಲೂ ಅಮೆರಿಕದಲ್ಲಿ ಮಾರಾಟದಲ್ಲಿದೆ! ಹಾರ್ಮೋನ್ ಚಿಕಿತ್ಸೆಯ ಅಪಾಯ ಕಂಡು 2002ರಲ್ಲಿ ನಡುವೆಯೇ ನಿಲ್ಲಿಸಿ ಜಗತ್ತಿನ ಹೆಂಗಸರನ್ನೆಲ್ಲ ಹೆದರಿಸಿದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಕೊಟ್ಟದ್ದು ಅದನ್ನೇ, ಜೊತೆಗೆ ಪ್ರೊಜೆಸ್ಟೆರಾನನ್ನು ಹೋಲುವ ಒಂದು ಕೃತಕ ಪ್ರೊಜೆಸ್ಟಿನ್. ಅದರಲ್ಲಿದ್ದವರ ಸರಾಸರಿ ವಯಸ್ಸು 63. ನಮ್ಮ ಟೀಚರ್ ಆ ಗುಂಪಿನವರಲ್ಲ. ಹಾಗೆಂದು ಅಪಾಯವೇ ಇಲ್ಲ ಎಂದೂ ಅಲ್ಲ.

ಇನ್ನೊಂದು ಸಂಗತಿಯೂ ಅವರಿಗೆ ಗೊತ್ತಿರಲಿಲ್ಲ. ಬಯೋಐಡೆಂಟಿಕಲ್ ಬೇಕೆಂದರೆ ಕಾಳನ್ನೇ ಹಾಕಿಸಿಕೊಳ್ಳಬೇಕಿಲ್ಲ. ಸರ್ಕಾರದ ಅನುಮೋದನೆ ಪಡೆದ ಹಲವು ಮಾತ್ರೆ, ತೇಪೆ, ಜೆಲ್‌ಗಳಲ್ಲಿ ಇರುವುದೂ ಅದೇ ಎಸ್ಟ್ರಡಯಾಲ್. ತಂಗಿಯ ಕಾಳಿಗೆ ಆ ಅನುಮೋದನೆಯಿಲ್ಲ, ಅದು ಮದ್ದಂಗಡಿಯವರು ಬೇಡಿಕೆಯ ಮೇರೆಗೆ ಬೆರೆಸಿ ಮಾಡಿದ್ದು. ಇಂಥ ಬೆರಕೆ ಮದ್ದಿನ ಸುರಕ್ಷತೆಗೆ ಸಾಕಷ್ಟು ಪುರಾವೆ ಇಲ್ಲವೆಂದು ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ಸಮಿತಿ 2020ರಲ್ಲಿ ವರದಿ ಕೊಟ್ಟಿದೆ. ಕಾಳಿನ ದೊಡ್ಡ ತೊಡಕು ಬೇರೆಯೇ: ಒಮ್ಮೆ ಒಳಗೆ ಹೋದರೆ ಪ್ರಮಾಣ ಹೆಚ್ಚಾಯಿತೆಂದು ಹಿಂದಕ್ಕೆ ತೆಗೆಯುವುದು ಸುಲಭವಲ್ಲ, ಕರಗುವವರೆಗೂ ಅನುಭವಿಸಬೇಕು. ಅದರಲ್ಲಿ ಟೆಸ್ಟೊಸ್ಟೆರಾನ್ ಸೇರಿಸುವುದೂ ಉಂಟು, ಆಗ ಮುಖದ ಮೇಲೆ ಕೂದಲು, ದನಿ ದಪ್ಪವಾಗುವುದು. ಇದನ್ನು ಕೇಳಿದ ಟೀಚರ್ ತಟ್ಟನೆ, “ಅವಳ ಗಂಟಲು ಈಚೆಗೆ ನೆಗಡಿಯಾದವರ ಹಾಗಿದೆ” ಎಂದರು. ಫೋನಿನ ಗಂಟಲು ಕೇಳಿ ಕಾರಣ ಹೇಳುವ ವಿದ್ಯೆ ನನಗಿಲ್ಲ. ಅಲ್ಲಿನ ವೈದ್ಯರನ್ನು ಒಮ್ಮೆ ಕೇಳಲು ತಂಗಿಗೆ ಹೇಳಿ ಎಂದೆ.

ಕೋಷ್ಟಕದಲ್ಲಿ ಒಂದು ಕಡೆ ಕೆಂಪು ಶಾಯಿಯ ಪ್ರಶ್ನೆ ಚಿಹ್ನೆ ಇತ್ತು. ಮಾತ್ರೆಯ ಕೆಳಗೆ 1 ಮಿಲಿಗ್ರಾಂ, ಅಂದರೆ 1000 ಮೈಕ್ರೋಗ್ರಾಂ. ತೇಪೆಯ ಕೆಳಗೆ ದಿನಕ್ಕೆ 50 ಮೈಕ್ರೋಗ್ರಾಂ. ಎರಡರ ಪರಿಣಾಮ ಹೆಚ್ಚುಕಡಿಮೆ ಒಂದೇ ಎಂದು ಎಲ್ಲೋ ಓದಿದ್ದರು. “ಇಪ್ಪತ್ತು ಪಟ್ಟು ವ್ಯತ್ಯಾಸ. ಉಳಿದ 950 ಎಲ್ಲಿಗೆ ಹೋಯಿತು?”

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಇದನ್ನು ಕೇಳಿರಲಿಲ್ಲ. ವಿಧಾನಗಳ ನಡುವಿನ ವ್ಯತ್ಯಾಸದ ತಿರುಳೆಲ್ಲ ಅದರಲ್ಲೇ ಇದೆ. ನುಂಗಿದ ಮಾತ್ರೆ ಕರುಳಿನಿಂದ ಮೊದಲು ಹೋಗುವುದು ಯಕೃತ್ತಿಗೆ. ಅದು ಸುಂಕದ ಕಟ್ಟೆ. ಎಸ್ಟ್ರಡಯಾಲಿನ ಬಹುಪಾಲು ಕರುಳಿನ ಗೋಡೆಯಲ್ಲೂ ಅಲ್ಲಿಯೂ ಎಸ್ಟ್ರೋನ್ ಎಂಬ ಬಲ ಕಡಿಮೆಯ ರೂಪಕ್ಕೆ ಇಳಿಯುತ್ತದೆ. ಸುಂಕ ವಸೂಲಿಯಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಒಮ್ಮೆಗೇ ಅಷ್ಟು ಹಾರ್ಮೋನ್ ಬಂದಿಳಿದಾಗ ಯಕೃತ್ತು ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನೂ ಹೆಚ್ಚಾಗಿ ತಯಾರಿಸುತ್ತದೆ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬನ್ನು ಏರಿಸುತ್ತದೆ. ಚರ್ಮದ ಮೂಲಕ ಹೋದದ್ದು ಈ ಕಟ್ಟೆಯನ್ನು ತಪ್ಪಿಸಿಕೊಂಡು ನೇರ ರಕ್ತಕ್ಕೆ ಸೇರುತ್ತದೆ, ಅದಕ್ಕೇ ಐವತ್ತು ಸಾಕು. 2007ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದರಲ್ಲಿ ಮಾತ್ರೆ ನುಂಗುವವರಲ್ಲಿ ರಕ್ತನಾಳದ ಹೆಪ್ಪಿನ ಸಂಭವ ಸುಮಾರು ನಾಲ್ಕು ಪಟ್ಟು ಕಂಡಿತ್ತು, ಚರ್ಮದ ಮೂಲಕ ತೆಗೆದುಕೊಳ್ಳುವವರಲ್ಲಿ ಏರಿಕೆ ಕಾಣಲಿಲ್ಲ. ಅದು ಜನರನ್ನು ಗಮನಿಸಿ ಮಾಡಿದ ಅಧ್ಯಯನ, ಚೀಟಿ ಎತ್ತಿ ಗುಂಪು ಮಾಡಿದ್ದಲ್ಲ ಎಂಬುದನ್ನೂ ಹೇಳಿದೆ. ಗಣಿತದವರಿಗೆ ಅರ್ಧ ಲೆಕ್ಕ ಕೊಡಬಾರದು.

ಅವರು ಅದನ್ನು ಬರೆದುಕೊಳ್ಳುತ್ತಾ, ತಲೆ ಎತ್ತದೆಯೇ ಅಂದರು: “ಹೆಪ್ಪು ಅಂದರೆ, ಎರಡನೆಯ ಬಾಣಂತನದಲ್ಲಿ ನನ್ನ ಎಡಗಾಲು ಊದಿತ್ತಲ್ಲ, ಹಾಗೆಯೇ?”

ನಾನು ಪೆನ್ನು ಕೆಳಗಿಟ್ಟೆ. ಇಪ್ಪತ್ತೆರಡು ವರ್ಷದ ಹಿಂದೆ ಸಿಸೇರಿಯನ್ ಆಗಿ ಹತ್ತನೆಯ ದಿನ ಮೀನಖಂಡ ಊದಿ ಕೆಂಪಾಗಿತ್ತು. ಹೊಟ್ಟೆಗೆ ಸೂಜಿ, ಆಮೇಲೆ ಆರು ತಿಂಗಳು ರಕ್ತ ತೆಳುವಾಗಿಸುವ ಮಾತ್ರೆ, ಅದಕ್ಕಾಗಿ ಪದೇ ಪದೇ ರಕ್ತಪರೀಕ್ಷೆ. ಮನೆಯಲ್ಲಿ ಅದು ‘ಬಾಣಂತಿ ಕಾಲು ಊತ’ ಎಂದೇ ದಾಖಲಾಗಿತ್ತು. ನಮ್ಮ ಅರ್ಜಿಯಲ್ಲಿ ‘ಹಿಂದಿನ ಕಾಯಿಲೆಗಳು’ ಎಂಬ ಸಾಲಿನ ಮುಂದೆ ಅವರು ‘ಇಲ್ಲ’ ಎಂದು ಬರೆದಿದ್ದರು. ಅವರದು ಸುಳ್ಳಲ್ಲ. ನಮ್ಮ ಹೆಂಗಸರ ಲೆಕ್ಕದಲ್ಲಿ ಬಾಣಂತನದಲ್ಲಿ ಬಂದದ್ದು ಕಾಯಿಲೆಯೇ ಅಲ್ಲ, ಬಾಣಂತನದ ಪಾಲು. ತಪ್ಪು ನಮ್ಮ ಅರ್ಜಿಯದು, ಆ ಸಾಲನ್ನು ನಂಬಿ ಮುಂದೆ ಹೋದ ನನ್ನದು. ಈಗ ನಾನು ಹಾಗೆ ಕೇಳುವುದಿಲ್ಲ. ಬಾಣಂತನದಲ್ಲಿ ಒಂದೇ ಕಾಲು ಊದಿತ್ತೇ, ಹೊಟ್ಟೆಗೆ ಸೂಜಿ ಚುಚ್ಚಿದ್ದರೇ, ತಲೆನೋವಿಗೆ ಮೊದಲು ಕಣ್ಣೆದುರು ಮಿಂಚು ಕಾಣುತ್ತದೆಯೇ, ತಾಯಿ ಅಥವಾ ಅಕ್ಕತಂಗಿಯರಲ್ಲಿ ಸ್ತನದ ಗಡ್ಡೆ ಇತ್ತೇ ಎಂದು ಒಂದೊಂದಾಗಿ ಕೇಳುತ್ತೇನೆ.

ಮಾತ್ರೆಯ ಅಂಕಣವನ್ನು ಅವರೇ ಸ್ಕೇಲಿಟ್ಟು ಹೊಡೆದು ಹಾಕಿದರು. ಉಳಿದವಕ್ಕೂ ಆತುರ ಬೇಡವೆಂದೆ. ಹಿಂದೆ ಹೆಪ್ಪಾದವರಿಗೆ ಜೆಲ್ಲನ್ನೂ ಸುಮ್ಮನೆ ಕೊಡುವುದಿಲ್ಲ. ತಜ್ಞೆ ಅವರನ್ನು ಮೊದಲು ರಕ್ತರೋಗ ತಜ್ಞರಲ್ಲಿಗೆ ಕಳಿಸಿದರು. ಮ್ಯಾಮೊಗ್ರಾಂ, ರಕ್ತದೊತ್ತಡ, ಗರ್ಭಕೋಶದ ಸ್ಕ್ಯಾನ್ ಆದವು. ಹಾರ್ಮೋನ್ ಬೇಡವೆಂದಾದರೆ ಕಾವು ತಗ್ಗಿಸುವ ಬೇರೆ ಮಾತ್ರೆಗಳಿವೆ, ಉಸಿರು ಮತ್ತು ಯೋಚನೆಯ ಅಭ್ಯಾಸಗಳಿವೆ ಎಂದು ತಿಳಿಸಿದ್ದೆವು. ಎಂಜಲು ಪರೀಕ್ಷಿಸಿ ಹಾರ್ಮೋನ್ ಪ್ರಮಾಣ ನಿರ್ಧರಿಸುವ ಕಿಟ್ ಕಳಿಸಲೇ ಎಂದು ತಂಗಿ ಕೇಳಿದ್ದರಂತೆ. ಆ ದುಡ್ಡಿನಲ್ಲಿ ಒಂದು ಸೀರೆ ಕಳಿಸಲಿ ಎಂದೆ. ಪ್ರಮಾಣ ನಿರ್ಧರಿಸಲು ಅದನ್ನು ನೆಚ್ಚುವಂತಿಲ್ಲ.

ರಕ್ತರೋಗ ತಜ್ಞರು ಚರ್ಮದ ಮೂಲಕ, ಕಡಿಮೆ ಪ್ರಮಾಣದಲ್ಲಿ ಆಗಬಹುದೆಂದರು. ಇನ್ನು ತೇಪೆಯೋ ಜೆಲ್ಲೋ. ಕಾಗದದ ಮೇಲೆ ತೇಪೆ ಒಳ್ಳೆಯದೇ, ವಾರಕ್ಕೆರಡು ಸಲ ಬದಲಿಸಿದರಾಯಿತು. ಆದರೆ ಏಪ್ರಿಲ್ ಬಿಸಿಲಿನಲ್ಲಿ ಎರಡು ಬಸ್ ಬದಲಿಸಿ ಶಾಲೆಗೆ ಹೋಗುವ, ಮೊದಲೇ ಬೆವರಿನಲ್ಲಿ ತೊಯ್ಯುವ ಮೈ. ಅಂಚು ಏಳುತ್ತದೆ, ಅಂಟಿದ ಕಡೆ ತುರಿಕೆ. ಮೇಲಾಗಿ ನಮ್ಮ ಊರಿನ ಅಂಗಡಿಗಳಲ್ಲಿ ಅದು ಸಿಗುವುದೇ ಅಪರೂಪ, ಜೆಲ್ ತರಿಸಿಕೊಡುತ್ತಾರೆ. ಅದರ ಪಂಪಿನ ಒಂದು ಒತ್ತಿಗೆ 0.75 ಮಿಲಿಗ್ರಾಂ ಎಸ್ಟ್ರಡಯಾಲ್, ದಿನಕ್ಕೆ ಒಂದೇ ಒತ್ತಿನಿಂದ ಶುರು.

ನಾವು ಅರ್ಧ ಗಂಟೆ ಕೂತದ್ದು ಆ ಒಂದು ಒತ್ತನ್ನು ದಿನದ ಯಾವ ಗಳಿಗೆಯಲ್ಲಿ ಹಚ್ಚುವುದೆಂದು. ಬೆಳಿಗ್ಗೆ ಐದೂವರೆಗೆ ಸ್ನಾನ, ಮಡಿ, ದೇವರ ದೀಪ, ಆಮೇಲೆ ಅಡುಗೆ. ಜೆಲ್ಲಿನಲ್ಲಿ ಆಲ್ಕೋಹಾಲ್ ಇದೆ, ಹಸಿಯಾಗಿರುವಾಗ ಬೆಂಕಿ ಹತ್ತುವ ವಸ್ತು. ಹಚ್ಚಿದ ಕೈ ತೊಳೆಯದೆ, ಅದು ಒಣಗದೆ ದೀಪದ ಬಳಿ, ಒಲೆಯ ಬಳಿ ಹೋಗುವಂತಿಲ್ಲ. ತೋಳಿಗೆ ಹಚ್ಚೋಣವೆಂದರೆ ಎರಡು ವರ್ಷದ ಮೊಮ್ಮಗ ಬೆಳಗಾದರೆ ಅವರ ತೋಳಿಗೇ ಕೆನ್ನೆ ಒತ್ತಿ ಮಲಗುತ್ತಾನೆ. ಚರ್ಮದಿಂದ ಚರ್ಮಕ್ಕೆ ಹಾರ್ಮೋನ್ ದಾಟುತ್ತದೆ, ಮಗುವಿಗೆ ತಗಲಬಾರದು. ಕೊನೆಗೆ ತೊಡೆಯ ಒಳಭಾಗ ಎಂದಾಯಿತು. ಸ್ನಾನವಾಗಿ ಮೈ ಪೂರ್ತಿ ಒರೆಸಿಕೊಂಡು, ತೆಳುವಾಗಿ ಸವರಿ, ಉಜ್ಜದೆ, ಐದು ನಿಮಿಷ ಕಾದು ಸೀರೆ. ಒಂದು ಗಂಟೆ ಅಲ್ಲಿಗೆ ನೀರು, ಎಣ್ಣೆ ಬೇಡ. ಸ್ತನದ ಮೇಲೆ ಎಂದೂ ಬೇಡ. ಅತ್ತೆಯವರು ಸ್ಪಿರಿಟ್ ವಾಸನೆ ಏನೆಂದು ಕೇಳಿದರೆ? “ಮಂಡಿನೋವಿನ ಮುಲಾಮು ಎನ್ನುತ್ತೇನೆ” ಎಂದರು. ನಾನು ಅದಕ್ಕೆ ಏನೂ ಅನ್ನಲಿಲ್ಲ.

ಗರ್ಭಕೋಶ ಇರುವವರಿಗೆ ಈಸ್ಟ್ರೋಜೆನ್ ಒಂದನ್ನೇ ಕೊಟ್ಟರೆ ಅದರ ಒಳಪದರ ಬೆಳೆಯುತ್ತಾ ಹೋಗುತ್ತದೆ, ಕ್ಯಾನ್ಸರಿಗೆ ದಾರಿ. ಹಾಗಾಗಿ ಪ್ರೊಜೆಸ್ಟೆರಾನ್ ಬಿಡುವಂತಿಲ್ಲ. ತಂಗಿ ಸೂಚಿಸಿದ್ದ ಕಾಡುಗೆಣಸಿನ ಕ್ರೀಮು ಇದಕ್ಕೆ ಒದಗುವುದಿಲ್ಲ, ಗೆಣಸಿನ ಸತ್ವವನ್ನು ನಮ್ಮ ಮೈ ಪ್ರೊಜೆಸ್ಟೆರಾನ್ ಆಗಿ ಬದಲಿಸಿಕೊಳ್ಳಲಾರದು. ಇವರಿಗೆ ಬರೆದದ್ದು ಮೈಕ್ರೊನೈಸ್ಡ್ (ನುಣ್ಣಗೆ ಪುಡಿಮಾಡಿದ) ಪ್ರೊಜೆಸ್ಟೆರಾನ್, ರಾತ್ರಿ ಮಲಗುವಾಗ 100 ಮಿಲಿಗ್ರಾಂ. ಅದು ನಿದ್ದೆ ತರಿಸುತ್ತದೆ, ಬೇರೆಯವರಿಗೆ ಅಡ್ಡಪರಿಣಾಮ, ಇವರಿಗೆ ವರ. ಕೆಲವು ಕಂಪನಿಗಳ ಕ್ಯಾಪ್ಸೂಲಿನಲ್ಲಿ ಕಡಲೆಕಾಯಿ ಎಣ್ಣೆ ಇರುತ್ತದೆ, ಅಲರ್ಜಿಯಿದ್ದವರು ಮೊದಲೇ ಹೇಳಬೇಕು.

ಹೊರಡುವಾಗ ಬಾಗಿಲ ತನಕ ಹೋಗಿ ಹಿಂದಿರುಗಿ ಬಂದರು. ಆ ‘ಯೋ’ ಅಂಕಣ. ಯೋನಿಯ ಒಣಗುವಿಕೆ, ಮೂತ್ರಕ್ಕೆ ಹೋದಾಗ ಉರಿ, ಗಂಡನಿಂದ ದೂರ ಮಲಗುವುದಕ್ಕೆ ಸೆಕೆಯ ನೆಪ. ಅದಕ್ಕೆ ಒಳಗೇ ಇಡುವ ಸಣ್ಣ ಮಾತ್ರೆ ಅಥವಾ ಕ್ರೀಮು ಬೇರೆಯೇ ಇದೆ, ಮಾತ್ರೆಯಲ್ಲಿ 10 ಮೈಕ್ರೋಗ್ರಾಂ ಮಾತ್ರ. ಅದು ಇಟ್ಟ ಜಾಗದಲ್ಲೇ ಕೆಲಸ ಮಾಡುತ್ತದೆ, ರಕ್ತಕ್ಕೆ ಸೇರುವುದು ಅತ್ಯಲ್ಪ. ಮೈ ಕಾವಿಗೆ ಅದರಿಂದ ಉಪಯೋಗವಿಲ್ಲ. ಹಾಗೆಯೇ ಜೆಲ್ ಹಚ್ಚಿದರೂ ಕೆಲವರಿಗೆ ಇದು ಬೇಕಾಗುತ್ತದೆ. ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದರೂ ಇವೆರಡು ಪೈಪೋಟಿಯ ಮದ್ದುಗಳಲ್ಲ.

ಮೊದಲ ಮೂರು ತಿಂಗಳು ಅಲ್ಪಸ್ವಲ್ಪ ರಕ್ತಸ್ರಾವ ಕಾಣಬಹುದು, ಆರು ತಿಂಗಳಾದರೂ ನಿಲ್ಲದಿದ್ದರೆ ಅಥವಾ ನಿಂತದ್ದು ಮತ್ತೆ ಶುರುವಾದರೆ ಬರಬೇಕು. ಒಂದೇ ಕಾಲು ಊದಿದರೆ, ಎದೆನೋವು, ಏದುಸಿರು ಬಂದರೆ ನಮ್ಮ ಅಪಾಯಿಂಟ್‌ಮೆಂಟಿಗೆ ಕಾಯದೆ ದೊಡ್ಡಾಸ್ಪತ್ರೆಗೆ ಹೋಗಬೇಕು ಎಂದು ಬರೆದುಕೊಟ್ಟಿದ್ದೆ.

ಮೂರು ತಿಂಗಳ ನಂತರ ಬಂದಾಗ ಕಾವು ದಿನಕ್ಕೆ ಎರಡು ಸಲಕ್ಕೆ ಇಳಿದಿತ್ತು. ನಿದ್ದೆ ಐದೂವರೆ ಗಂಟೆ. ಮಂಡಿನೋವಿನ ಮುಲಾಮು ತನಗೂ ಬೇಕೆಂದು ಅತ್ತೆ ಕೇಳಿದ್ದಾರಂತೆ, ಜೆಲ್ಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ನಿಜ ಹೇಳಿಬಿಡುವುದೇ ಒಳ್ಳೆಯದು, ಆ ಮಾತನ್ನು ಹೇಗೆ ಶುರುಮಾಡುವುದೆಂದು ಮುಂದಿನ ಸಲ ಕೂತು ನೋಡೋಣ ಎಂದೆ. ಡಿಸೆಂಬರಿನಲ್ಲಿ ತಂಗಿ ಬರುತ್ತಿದ್ದಾರೆ, ಸೂಟ್‌ಕೇಸಿನಲ್ಲಿ ಆರು ತಿಂಗಳಿಗಾಗುವಷ್ಟು ತೇಪೆ ತರುತ್ತಾರಂತೆ. “ಜೆಲ್ ಹಚ್ಚಿಕೊಂಡೇ ಅದನ್ನೂ ಅಂಟಿಸಬಹುದೇ? ಸುಮ್ಮನೆ ಹಾಳಾಗುತ್ತದಲ್ಲ” ಎಂದು ಕೇಳಿದರು. ಎರಡೂ ಒಂದೇ ಎಸ್ಟ್ರಡಯಾಲ್, ಕೂಡಿಸಿ ನೋಡಿ ಎಂದೆ. ಕೂಡಿಸಿದರು. ತೇಪೆಯ ಪೊಟ್ಟಣ ತೆರೆಯದೆ ಇಲ್ಲಿಗೆ ತರುವುದಾಗಿ ಒಪ್ಪಿ ಹೋದರು.