ಹುಡುಕಿದರೆ ಗಿಡ ಬೆಳೆಯುತ್ತಾ?

ಪ್ರಶ್ನೆ: ಸರ್, ನಮಸ್ಕಾರ. ನಾನು ಬಿ.ಕಾಂ. ಓದುತ್ತಿದ್ದೇನೆ. ಮೊಬೈಲಿಗೆ ವಿವಾಲ್ಡಿ ಎಂಬ ಬ್ರೌಸರ್ ಹಾಕಿಕೊಂಡೆ. ಅದರ ಸರ್ಚ್ ಪಟ್ಟಿಯಲ್ಲಿ ಇಕೋಸಿಯಾ ಅಂತ ಒಂದು ಹೆಸರಿದೆ. ಅದರಲ್ಲಿ ಹುಡುಕಿದರೆ ಗಿಡ ನೆಡುತ್ತಾರಂತೆ, ಖರೇನಾ? ಇದರಿಂದ ಬ್ರೌಸರಿನವರಿಗೆ ಏನು ಲಾಭ? ಕಾಲೇಜಿನ ಲ್ಯಾಬಿನ ಎಲ್ಲ ಕಂಪ್ಯೂಟರಿಗೂ ಇದನ್ನೇ ಹಾಕಿಸೋಣ ಅಂತ ಗೆಳತಿಯರು ಹಟ ಹಿಡಿದಿದ್ದಾರೆ.
— ವಿದ್ಯಾರ್ಥಿನಿ, ಇಂಡಿ

ಉತ್ತರ: ಖರೇನೇ. ಆದರೆ ಗಿಡ ನೆಡಿಸುವುದು ನಿಮ್ಮ ಹುಡುಕಾಟ ಅಲ್ಲ, ಜಾಹೀರಾತಿನ ದುಡ್ಡು.

‘ದ್ರಾಕ್ಷಿ ಬೂದಿ ರೋಗ’ ಅಂತ ಹುಡುಕಿದಿರಿ ಅನ್ನಿ. ಪುಟದಲ್ಲಿ ಜಾಹೀರಾತೇ ಬರಲಿಲ್ಲ ಅಂದರೆ ಇಕೋಸಿಯಾಕ್ಕೆ ಒಂದು ಪೈಸೆಯೂ ಹುಟ್ಟುವುದಿಲ್ಲ. ‘ಡ್ರಿಪ್ ಪೈಪ್ ರೇಟ್’ ಅಂತ ಹುಡುಕಿದಾಗ ಮೇಲೆ ಯಾವುದೋ ಕಂಪನಿಯ ಜಾಹೀರಾತು ಬಂತು, ಪೈಪ್ ಬೇಕಿದ್ದ ನೀವು ಅದನ್ನು ಒತ್ತಿದಿರಿ. ಆಗ ಆ ಕಂಪನಿ ದುಡ್ಡು ಕಟ್ಟುತ್ತದೆ, ಅದರಲ್ಲೊಂದು ಪಾಲು ಇಕೋಸಿಯಾಕ್ಕೆ. ಸುಮಾರು 45 ಹುಡುಕಾಟಕ್ಕೆ ಒಂದು ಗಿಡ ಅಂತ ಅವರು ಬಹಳ ಕಾಲ ಹೇಳಿಕೊಂಡು ಬಂದರಲ್ಲ, ಅದು ಎಲ್ಲರ ಹುಡುಕಾಟ ಸೇರಿಸಿ ತೆಗೆದ ಸರಾಸರಿ. ನಿಮ್ಮ 45ನೇ ಹುಡುಕಾಟಕ್ಕೆ ಯಾರೂ ಎಲ್ಲೂ ಗುದ್ದಲಿ ಎತ್ತುವುದಿಲ್ಲ. ಹಾಗಂತ ಪುಣ್ಯ ಬರಲಿ ಅಂತ ಜಾಹೀರಾತುಗಳನ್ನು ಸುಮ್ನೆ ಒತ್ತುತ್ತಾ ಕೂರಬೇಡಿ. ಅಂಥ ಕ್ಲಿಕ್ಕುಗಳನ್ನು ಜಾಹೀರಾತು ಕಂಪನಿಗಳು ಪತ್ತೆಹಚ್ಚಿ ಲೆಕ್ಕದಿಂದ ತೆಗೆಯುತ್ತವೆ.

ಇಕೋಸಿಯಾ ಬರ್ಲಿನ್‌ನ ಕಂಪನಿ. 2009ರಲ್ಲಿ ಕ್ರಿಸ್ಟಿಯನ್ ಕ್ರೋಲ್ ಶುರು ಮಾಡಿದರು. ಹುಡುಕಾಟದ ಫಲಿತಾಂಶ ಬಹುಮಟ್ಟಿಗೆ ಮೈಕ್ರೋಸಾಫ್ಟ್‌ನ ಬಿಂಗ್‌ನಿಂದ ಬರುತ್ತಿತ್ತು. 2023ರಿಂದ ಗೂಗಲ್‌ನದ್ದೂ ಸೇರಿದೆ. ಅಂದರೆ ಹೆಸರು ಬೇರೆ, ಒಳಗಿನ ಸರಕು ದೊಡ್ಡವರದ್ದೇ. ಈ ಅವಲಂಬನೆ ಕಳೆಯಲು ಇಕೋಸಿಯಾ ಮತ್ತು ಫ್ರಾನ್ಸಿನ ಸರ್ಚ್ ಕಂಪನಿ ಕ್ವಾಂಟ್ ಸೇರಿ ಯುರೋಪಿನದೇ ಸರ್ಚ್ ಇಂಡೆಕ್ಸ್ (ಹುಡುಕಲು ಬೇಕಾದ ವೆಬ್ ಪುಟಗಳ ಸೂಚಿ) ಕಟ್ಟುವುದಾಗಿ 2024ರಲ್ಲಿ ಘೋಷಿಸಿವೆ.

ನನಗೆ ನಂಬಿಕೆ ಬರುವುದು ಬೇರೆ ಎರಡು ಕಾರಣಕ್ಕೆ. ಒಂದು, ಅವರು ತಿಂಗಳ ಜಮಾ–ಖರ್ಚು ಎಲ್ಲರೂ ನೋಡುವಂತೆ ಪ್ರಕಟಿಸುತ್ತಾರೆ. ಎರಡನೆಯದು, ಯಾರೂ ಕಂಪನಿ ಮಾರುವಂತಿಲ್ಲ, ಲಾಭ ಜೇಬಿಗಿಳಿಸುವಂತಿಲ್ಲ ಅಂತ 2018ರಲ್ಲಿ ಒಂದು ಫೌಂಡೇಶನ್ ಮೂಲಕ ಬಿಗಿ ಮಾಡಿಕೊಂಡಿದ್ದಾರೆ. ಗಿಡದ ಸಂಖ್ಯೆ 20 ಕೋಟಿ ದಾಟಿದೆ ಎನ್ನುತ್ತಾರೆ. ಆಫ್ರಿಕಾದ ಬುರ್ಕಿನಾ ಫಾಸೋ ದೇಶದ ಒಣನೆಲದಲ್ಲಿ ಅರ್ಧಚಂದ್ರದ ಆಕಾರದ ಗುಂಡಿ ತೋಡಿ, ಓಡುವ ಮಳೆನೀರನ್ನು ಅಲ್ಲೇ ನಿಲ್ಲಿಸಿ ಬೀಜ ಹಾಕಿಸುತ್ತಾರೆ. ಒಡ್ಡು ಹಾಕಿದ ಹೊಲ ನೋಡಿದ ನಿಮಗೆ ಇದು ಹೊಸದಲ್ಲ, ಅಲ್ವಾ? ನಮ್ಮ ಜಿಲ್ಲೆಯ ಕೋಟಿ ವೃಕ್ಷ ಅಭಿಯಾನ ನೋಡಿದವರು ಕೇಳುವ ಪ್ರಶ್ನೆಯನ್ನೇ ಇಲ್ಲೂ ಕೇಳಿ: ನೆಟ್ಟದ್ದು ಎಷ್ಟು ಅಂತಲ್ಲ, ಎರಡು ಬೇಸಿಗೆ ದಾಟಿ ಉಳಿದದ್ದು ಎಷ್ಟು?

ಇನ್ನು ಬ್ರೌಸರಿನವರ ಲಾಭ. ಬ್ರೌಸರ್ ನಮಗೆ ಪುಕ್ಕಟೆ. ಹಾಗಾದರೆ ಅದನ್ನು ಕಟ್ಟುವವರ ಪಗಾರ ಎಲ್ಲಿಂದ? ಹೆಚ್ಚಾಗಿ ಸರ್ಚ್ ಕಂಪನಿಗಳಿಂದ. ಆಪಲ್‌ನ ಬ್ರೌಸರ್ ಸಫಾರಿಯಲ್ಲಿ ತನ್ನನ್ನೇ ಮೊದಲು ಇಟ್ಟುಕೊಳ್ಳಲಿ ಅಂತ ಗೂಗಲ್ 2022ರಲ್ಲಿ ಆಪಲ್‌ಗೆ 2,000 ಕೋಟಿ ಡಾಲರ್ ಕೊಟ್ಟಿತ್ತು. ಅಮೆರಿಕದ ಕೋರ್ಟಿನಲ್ಲಿ ಕೇಸು ನಡೆದಾಗ ಇದು ಹೊರಬಿತ್ತು. ಫೈರ್‌ಫಾಕ್ಸ್‌ನ ಮೊಜಿಲ್ಲಾ ಬದುಕಿರುವುದೂ ಬಹುಪಾಲು ಗೂಗಲ್ ದುಡ್ಡಿನಲ್ಲೇ. ಇಷ್ಟೆಲ್ಲ ಯಾಕೆ? ಮೊದಲೇ ಕೂತಿರುವ ಸರ್ಚನ್ನು ನೂರರಲ್ಲಿ ಯಾರೋ ಕೆಲವರು ಬಿಟ್ಟರೆ ಯಾರೂ ಬದಲಿಸುವುದಿಲ್ಲ, ಅದಕ್ಕೆ. ನಾರ್ವೆಯ ವಿವಾಲ್ಡಿಯಂಥ ಸಣ್ಣವರು ಬೇರೆ ಬೇರೆ ಸರ್ಚ್‌ನವರ ಜೊತೆ ಒಪ್ಪಂದ ಮಾಡಿಕೊಂಡು ದಿನ ದೂಡುತ್ತಾರೆ. 2017ರಲ್ಲಿ ಇಕೋಸಿಯಾವನ್ನು ಪಟ್ಟಿಗೆ ಸೇರಿಸಿದ್ದು ಹಾಗೆ. 2020ರ ಕೊನೆಗೆ ಸಫಾರಿಯ ಪಟ್ಟಿಗೂ ಅದು ಬಂತು. ಬ್ರೌಸರಿಗೆ ಆದಾಯ, ಇಕೋಸಿಯಾಕ್ಕೆ ಹೊಸ ಗಿರಾಕಿ. ಇಬ್ಬರದೂ ವ್ಯಾಪಾರವೇ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ನಮ್ಮ ದೇಶದಲ್ಲೂ ಇದು ತಕರಾರಿಗೆ ಬಂದಿದೆ. ಆಂಡ್ರಾಯ್ಡ್ ವಿಚಾರದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2022ರಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಹೊಸ ಫೋನ್‌ಗಳಲ್ಲಿ ಸರ್ಚ್ ಆರಿಸಿಕೊಳ್ಳಲು ಆಯ್ಕೆಯ ಪರದೆ ಕೊಡುವುದಾಗಿ ಗೂಗಲ್ ಮುಂದಿನ ಜನವರಿಯಲ್ಲಿ ಹೇಳಿತು.

ಲ್ಯಾಬಿನ ವಿಷಯಕ್ಕೆ ಬಂದರೆ, ಎಲ್ಲದಕ್ಕೂ ಒಮ್ಮೆಲೇ ಬೇಡ. ಇಂಗ್ಲಿಷಿನಲ್ಲಿ ಹುಡುಕುವವರಿಗೆ ತೊಂದರೆ ಆಗಲಿಕ್ಕಿಲ್ಲ. ಕನ್ನಡದಲ್ಲಿ ಹುಡುಕಿದಾಗ ಫಲಿತಾಂಶ ತೆಳ್ಳಗೆ ಬರುವುದುಂಟು. ಸ್ಕಾಲರ್‌ಶಿಪ್, ಪರೀಕ್ಷೆಯ ಟೈಮ್‌ಟೇಬಲ್ ಎರಡೂ ಕಡೆ ಹುಡುಕಿ ನೋಡಿ. ಸಿಗದಿದ್ದರೆ ಹುಡುಗರು ಮತ್ತೆ ಗೂಗಲ್‌ಗೇ ಓಡುತ್ತಾರೆ, ಒಂದರ ಬದಲು ಎರಡು ಹುಡುಕಾಟ ಆಗುತ್ತದೆ. ಲ್ಯಾಬಿನಲ್ಲಿ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಇದ್ದರಂತೂ ಗಿಡದ ಮಾತೇ ಇಲ್ಲ ಅನ್ನಿ. ಮೊದಲು ಅದನ್ನು ನೋಡಿಕೊಳ್ಳಿ.

ಪ್ರಶ್ನೆ: ಒಂದು ಸಲ ಹುಡುಕಿದರೆ ಎಷ್ಟು ಕರೆಂಟ್ ಹೋಗುತ್ತದೆ? ಹುಡುಕುವುದನ್ನೇ ಕಡಿಮೆ ಮಾಡಬೇಕೇನು?
— ಓದುಗರು, ಜಮಖಂಡಿ

ಉತ್ತರ: 2009ರಲ್ಲಿ ಗೂಗಲ್ ಕೊಟ್ಟ ಲೆಕ್ಕ: ಒಂದು ಹುಡುಕಾಟಕ್ಕೆ 0.3 ವ್ಯಾಟ್ ಅವರ್. 9 ವ್ಯಾಟಿನ ಎಲ್‌ಇಡಿ ಬಲ್ಬ್ ಎರಡು ನಿಮಿಷ ಉರಿದಷ್ಟು. ಇದು ಹಳೆಯ ಲೆಕ್ಕ. ಆಮೇಲೆ ಯಂತ್ರಗಳು ಸುಧಾರಿಸಿವೆ, ಜೊತೆಗೆ ಎಐ ಉತ್ತರಗಳೂ ಬಂದಿವೆ. ತನ್ನ ಹುಡುಕಾಟಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಕರೆಂಟನ್ನು ಸ್ವಂತ ಸೋಲಾರ್ ಘಟಕಗಳಿಂದ ತೆಗೆಯುತ್ತೇವೆ ಅಂತ ಇಕೋಸಿಯಾ ಹೇಳುತ್ತದೆ. ನೀವು ಹುಡುಕುವುದನ್ನು ಕಡಿಮೆ ಮಾಡಬೇಕಿಲ್ಲ. ದಿನಾ ಹೋಗುವ ಪುಟಗಳಿಗೆ ಬುಕ್‌ಮಾರ್ಕ್ ಹಾಕಿಕೊಂಡರೆ ನಿಮ್ಮ ಟೈಮೂ ಉಳಿಯುತ್ತದೆ.