ಡಾಕ್ಟ್ರು ಇರುವಾಗ ಆಶಾದವ್ರು ಯಾಕೆ ಬೇಕು?

ಪಿಎಚ್‌ಸಿಲಿ ಡಾಕ್ಟ್ರು, ನರ್ಸು ಇರುವಾಗ ಆಶಾ ಕಾರ್ಯಕರ್ತೆಯರು ಮನೆಮನೆ ತಿರುಗಿ ಬರ್ಕೊಂಡು ಹೋಗೋದ್ರಿಂದ ಏನು ಉಪಯೋಗ ಅಂತ ಕೇಳಿದೀರ. ನಮ್ದು ಸಾಗರ ತಾಲೂಕು, ಶರಾವತಿ ಹಿನ್ನೀರಿನ ಕಡೆ. ಕಂಡಿದ್ದು ಹೇಳ್ತೀನಿ.

ಇಲ್ಲಿ ಮಂಗನ ಕಾಯಿಲೆ (ಜೀವ ತೆಗೆಯೋ ಜ್ವರ) ಅಂದ್ರೆ ಪೇಪರಲ್ಲಿ ಓದೋ ಸುದ್ದಿ ಅಲ್ಲ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಕಂಡಿದ್ದು, 2019ರಲ್ಲಿ ಅರಳಗೋಡು ಕಡೆ ಎಷ್ಟು ಜನ ಅದರಿಂದ ತೀರ್ಕೊಂಡ್ರು ಅಂತ ಈ ಭಾಗದಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಹರಡೋದು ಉಣುಗಿಂದ, ಅದೇ ಮೈಗೆ ಹತ್ತಿ ರಕ್ತ ಹೀರೋ ಸಣ್ಣ ಹುಳ. ಇಂಥದ್ದೇ ಅಂತ ಔಷಧಿ ಇಲ್ಲ, ಮೊದಲು ಕೊಡ್ತಿದ್ದ ಲಸಿಕೇನೂ ನಿಲ್ಸಿದಾರೆ. ಹಾಗಂತ ಕೊಟ್ಟಿಗೆಗೆ ಹಾಸೋಕೆ ದರಕು (ಒಣಗಿದ ಎಲೆ) ಬೇಡ್ವಾ, ಕಾಡಿಗೆ ಹೋಗ್ಲೇಬೇಕು, ಹೋಗೋ ಮುಂಚೆ ಕೈಕಾಲಿಗೆ ಉಣುಗು ಹತ್ತದಂಗೆ ತಡೆಯೋ ಡೇಪಾ ಎಣ್ಣೆ ಹಚ್ಕೋಬೇಕು. ಎಣ್ಣೆ ಫ್ರೀನೇ ಬರತ್ತೆ. ಆದ್ರೆ ನಮ್ಮ ಅಪ್ಪಯ್ಯ ಬಾಟ್ಲಿ ಈಸ್ಕೊಂಡು ದೇವರ ಫೋಟೋ ಹಿಂದೆ ಇಟ್ಟವ್ರು, ಜಿಡ್ಡು ವಾಸನೆ ಅಂತ ಮುಟ್ಟಲೇ ಇಲ್ಲ.

ಹದಿನೈದು ದಿನ ಬಿಟ್ಟು ನಮ್ಮೂರ ಆಶಾ ಅಕ್ಕ ಬಂದ್ರು, ಕೂರೋಕೂ ಮುಂಚೆ ಬಾಟ್ಲಿ ಎಲ್ಲಿ ಅಂದ್ರು. ಬೆಳಕಿಗೆ ಹಿಡಿದು ನೋಡಿದ್ರೆ ತುಂಬಿದ್ದು ತುಂಬಿದಂಗೇ ಇದೆ. ಬೈಲಿಲ್ಲ, "ಮಾವ, ನಾಳೆ ದರಕಿಗೆ ಯಾವ ಬದಿ?" ಅಂತ ಕೇಳಿದ್ರು. ಅಪ್ಪಯ್ಯ ಹೇಳಿದ್ಮೇಲೆ, "ಆ ಕಾನಲ್ಲಿ ಮೊನ್ನೆ ಮಂಗ ಸತ್ತಿದೆ, ಅತ್ಲಾಗೆ ಹೋಗ್ಲೇಬೇಡಿ" ಅಂದು ಅಲ್ಲೇ ಅಂಗೈಗೆ ಎಣ್ಣೆ ಸುರಿದು, ಹಿಮ್ಮಡಿಯಿಂದ ಮೊಣಕಾಲ ತನಕ ಹೇಗೆ ಹಚ್ಚಬೇಕು ಅಂತ ಎದುರಿಗೆ ನಿಂತು ಹಚ್ಚಿಸಿದ್ರು. ಡಾಕ್ಟ್ರು ಕೇಳಿದ್ರೆ ಅಪ್ಪಯ್ಯ "ಹೂಂ ಸಾರ್, ದಿನಾ ಹಚ್ತೀನಿ" ಅಂತಿದ್ರು, ಅನುಮಾನನೇ ಇಲ್ಲ. ಈಕೆ ಹತ್ರ ಅದು ನಡೆಯಲ್ಲ, ಯಾರು ಯಾವ ಕಾಡಿಗೆ ಹೋಗ್ತಾರೆ, ಯಾರ ಮನೇಲಿ ಎರಡು ದಿನದಿಂದ ಜ್ವರ, ಎಲ್ಲಾ ಗೊತ್ತು.

ನನ್ನ ಹೆಂಡ್ತಿ ಬಾಣಂತಿ ಆಗಿದ್ದಾಗಲೂ 42 ದಿನದೊಳಗೆ ಆರು ಸಲ ಬಂದು ಮಗು ತೂಕ ನೋಡಿದ್ರು, ಅದೂ ಆಷಾಢದ ಮಳೇಲಿ.

ಅವ್ರೇನು ನರ್ಸಲ್ಲ, ಇಂಜೆಕ್ಷನ್ ಕೊಡಲ್ಲ, ಅದನ್ನ ನಿರೀಕ್ಷೆ ಮಾಡೋದೂ ತಪ್ಪು. 2005ರಲ್ಲಿ ಈ ಯೋಜನೆ ಶುರುವಾದಾಗ ಸಾವಿರ ಜನಕ್ಕೆ ಒಬ್ರು ಅನ್ನೋ ಲೆಕ್ಕ, ಮಲೆನಾಡಲ್ಲಿ ಸಾವಿರ ಜನ ಅಂದ್ರೆ ಎಷ್ಟು ಗುಡ್ಡ ಹತ್ತಿಳೀಬೇಕು ನೀವೇ ಯೋಚ್ನೆ ಮಾಡಿ. ಇಷ್ಟಕ್ಕೂ ಸಿಗೋದು ಸಂಬಳ ಅಲ್ಲ, ಗೌರವಧನ ಅಂತೆ, ಮೇಲೆ ಕೆಲಸಕ್ಕಿಷ್ಟು ಅಂತ ಇನ್ಸೆಂಟಿವ್. ನಂಗಂತೂ ಅದು ಅನ್ಯಾಯ ಅನ್ಸತ್ತೆ.

ಬರ್ಕೊಂಡು ಹೋಗ್ತಾರೆ ಅಂದ್ರಲ್ಲ, ಆ ಬರ್ದಿದ್ದನ್ನ ಮೊಬೈಲಿಗೆ ಹಾಕೋಕೆ ನಮ್ಮನೆ ಹಿಂದಿನ ಗುಡ್ಡ ಹತ್ತಬೇಕು. ಕೆಳಗೆ ನೆಟ್‌ವರ್ಕ್ ಇಲ್ಲ.