ಸಜ್ಜ ಮೇಲೆ ಯಮಾಟೊ ಇಟ್ಟಿರೋರಿಗೆ: ಮೊದ್ಲು ಆ ನುಸಿಗುಳಿಗೆ ತೆಗೀರಿ

ಗುರುಗಳೇ, ಫೋಟೋ ನೋಡಿ ಎದೆ ಧಸಕ್ ಅಂತು. 1/500 ಸ್ಕೇಲಿನ ಯಮಾಟೊ, ಜಪಾನಿ ಕಾರ್ಟೂನಿನ ಬಾಹ್ಯಾಕಾಶ ಯುದ್ಧನೌಕೆಯ ಪ್ಲಾಸ್ಟಿಕ್ ಮಾಡೆಲ್ಲು, ಅಷ್ಟು ಚೆನ್ನಾಗಿ ವೆದರಿಂಗ್ (ಬಳಸಿ ಹಳೇದಾದಂತೆ ಕಾಣೋ ಪೇಂಟು) ಮಾಡಿದೀರ, ಮನೇಲಿ ಜಾಗ ಇಲ್ಲ ಅಂತ ಬೆಡ್‌ಶೀಟ್ ಬಂದಿದ್ದ ಝಿಪ್ ಕವರಿಗೆ ತುರುಕಿ, ಹುಳ ಬರದಿರ್ಲಿ ಅಂತ ನಾಲ್ಕು ನುಸಿಗುಳಿಗೆ ಹಾಕಿ ಸಜ್ಜ ಮೇಲೆ ಇಟ್ಟು "ಹೆಂಗಿದೆ ಐಡಿಯಾ" ಅಂತ ಕೇಳ್ತಿದೀರಲ್ಲ. ಐಡಿಯಾ ವಿಷ್ಯ ಆಮೇಲೆ. ಸ್ಟೂಲ್ ಹಾಕ್ಕೊಂಡು ಅದನ್ನ ಕೆಳಗಿಳಿಸಿ. ಇಳಿಸಿ ಬಂದು ಮಿಕ್ಕಿದ್ದು ಓದಿ.

ನಾನೂ ಇದೇ ಮಾಡಿದ್ದೆ, ಅದಕ್ಕೇ ಇಷ್ಟು ಅವಸರ. ಪೋಲಾರ್ ಲೈಟ್ಸ್ ಕಂಪನಿಯ 1/350 ಎಂಟರ್‌ಪ್ರೈಸ್, ಸ್ಟಾರ್ ಟ್ರೆಕ್ ಹಡಗು, 82 ಸೆಂಟಿಮೀಟರ್ ಉದ್ದ, ಮುಂದಿನ ತಟ್ಟೆ ಥರದ ಸಾಸರ್ ಒಂದೇ 36 ಸೆಂಟಿಮೀಟರ್ ಅಗಲ, ಲೈಟಿಂಗ್ ಎಲ್ಲಾ ಸೇರಿ ಒಂದು ವರ್ಷದ ಮೇಲೆ ಹಿಡೀತು. ಗೌರಿ ಹಬ್ಬಕ್ಕೆ ಅಕ್ಕನ ಮಕ್ಕಳು ಬರ್ತಾರೆ, ಕೈ ಹಾಕಿ ನಸೆಲ್ (ಹಿಂದಿನ ಉದ್ದ ಎಂಜಿನ್ ಕೊಳವೆ) ಮುರೀತಾರೆ ಅಂತ ಅದನ್ನ ಮೇಲೆ ಹತ್ತಿಸೋಣ ಅಂದ್ಕೊಂಡೆ. ಅಮ್ಮ ದಸರಾ ಗೊಂಬೆ ಎಲ್ಲಾ ಹಳೇ ಪಂಚೇಲಿ ಸುತ್ತಿ ನುಸಿಗುಳಿಗೆ ಹಾಕಿ ಅದೇ ಸಜ್ಜ ಮೇಲೆ ಇಡ್ತಾರೆ, ಎಷ್ಟೋ ವರ್ಷದಿಂದ ಏನೂ ಆಗಿಲ್ಲ, ಇದಕ್ಕೇನಾಗುತ್ತೆ ಅಂತ ನಾನೂ ಒಂದು ಹಿಡಿ ಹಾಕಿ ಝಿಪ್ ಎಳೆದೆ. ನವರಾತ್ರಿಗೆ ಗೊಂಬೆ ಇಳಿಸುವಾಗ ಇದನ್ನೂ ಇಳಿಸಿದೆ, ಒಂದು ತಿಂಗಳೂ ಆಗಿರ್ಲಿಲ್ಲ. ಝಿಪ್ ತೆಗೆದ್ರೆ ಸಾಸರ್ ಮೇಲೆ ಗುಳಿಗೆ ಕೂತಿದ್ದ ಕಡೆಯೆಲ್ಲ ಪಡ್ಡು ಹಂಚಿನ ಗುಳಿ ಥರ ಗುಂಡಿ. ಒಂದು ಗುಳಿಗೆ ಅಲ್ಲೇ ಅರ್ಧ ಹೂತು ಕೂತಿತ್ತು. ಮಿಕ್ಕ ಕಡೆ ಪೇಂಟು ಅಂಟಂಟು, ಉಗುರು ಒತ್ತಿದ್ರೆ ಅಚ್ಚು ಬೀಳೋ ಹಂಗೆ. ಕವರ್ ತಗುಲಿದ್ದ ಕಡೆ ಕವರಿನ ಗೆರೆಗೆರೆ ಡಿಸೈನು ಇಳಿದಿತ್ತು. ಪಕ್ಕದಲ್ಲೇ ಪಟ್ಟದ ಗೊಂಬೆ ರಾಜ ರಾಣಿ ಒಂದು ಗೀರೂ ಇಲ್ದೆ ನಗ್ತಾ ನಿಂತಿದ್ರು. ಮರಕ್ಕೂ ಮಣ್ಣಿಗೂ ಏನಾಗಬೇಕು ಹೇಳಿ.

ಆಗಿದ್ದು ಇಷ್ಟೇ. ನುಸಿಗುಳಿಗೆಯ ನ್ಯಾಫ್ತಲೀನ್ ನೀರಾಗದೆ ನೇರ ಆವಿ ಆಗುತ್ತೆ, ಅದೂ ನಮ್ಮ ಕಿಟ್ಟಿನ ಪ್ಲಾಸ್ಟಿಕ್ ಪಾಲಿಸ್ಟೈರೀನೂ ಒಂದೇ ಗೋತ್ರ, ಎರಡರಲ್ಲೂ ಬೆಂಜೀನ್ ಉಂಗುರ ಇರೋದ್ರಿಂದ ಆವಿ ಹೋಗಿ ಪ್ಲಾಸ್ಟಿಕ್ಕಿಗೆ ಸೇರ್ಕೊಂಡು ಮೆತ್ತಗೆ ಮಾಡುತ್ತೆ. ಝಿಪ್ ಹಾಕಿದ ಕವರಲ್ಲಿ ಆವಿಗೆ ಬೇರೆ ದಾರೀನೇ ಇಲ್ಲ. ಬಾತ್‌ರೂಮಿಗೆ ಹಾಕೋ ಬಣ್ಣಬಣ್ಣದ್ದು ಬೇರೆ ಕೆಮಿಕಲ್, ಅದೂ ಅಷ್ಟೇ ಅಪಾಯ. ಕರ್ಪೂರನೂ ಬೇಡ, ಯಾರೋ ಇಲ್ಲೇ ಒಂದ್ಸಲ ಹೇಳಿದ್ರು "ನ್ಯಾಚುರಲ್" ಅಂತ, ನ್ಯಾಚುರಲ್ ಆದ್ರೆ ಏನಂತೆ. ಇನ್ನು ಆ ಮೆತ್ತಗಿನ ಕವರ್ ಪಿವಿಸಿ. ಮೆತ್ತಗಿರ್ಲಿ ಅಂತ ಬೆರೆಸಿರೋ ಪ್ಲಾಸ್ಟಿಸೈಸರ್ ನಿಧಾನಕ್ಕೆ ಹೊರಗೆ ಬಂದು ಪೇಂಟಿಗೆ ಇಳಿಯುತ್ತೆ. ಹಳೇ ಕಾರ್ ಕಿಟ್ಟಲ್ಲಿ ಟೈರು ತಗುಲಿ ರಿಮ್ಮು ಕರಗಿರೋದು ನೋಡಿಲ್ವಾ, ಅದೇ ಕಥೆ. ಕವರ್ ಕೆಳಗೆ ತ್ರಿಕೋನದೊಳಗೆ ನಂಬರ್ ಇದ್ರೆ ನೋಡಿ, 3 ಇದ್ರೆ ಕಿಟ್ ಹತ್ರ ಬರಲೇಬಾರದು. 2, 4, 5 ಪರವಾಗಿಲ್ಲ. ಟಿವಿ ಫ್ರಿಜ್ ಜೊತೆ ಬರೋ ಬಿಳಿ ತೆಳು ಫೋಮ್ ಶೀಟ್ ಒಳ್ಳೇದು, ಬಿಸಾಕಬೇಡಿ. ಬಬಲ್ ರ್‍ಯಾಪ್ ಸುತ್ತೋದಾದ್ರೆ ಗುಳ್ಳೆ ಹೊರಗಡೆಗೆ ಇರ್ಲಿ, ಒಳಗೆ ಟಿಶ್ಯೂ ಇರ್ಲಿ, ಇಲ್ಲಾಂದ್ರೆ ಪೇಂಟ್ ಮೇಲೆ ಗುಳ್ಳೆ ಅಚ್ಚು ಗ್ಯಾರಂಟಿ.

ನಿಮ್ಮದು ಮೊನ್ನೆ ಭಾನುವಾರ ಇಟ್ಟಿದ್ದು ಅಂದ್ರಿ, ಉಳ್ಕೊಂಡಿರಬಹುದು. ಒರೆಸಬೇಡಿ, ಮುಟ್ಟಿ ನೋಡಬೇಡಿ, ಬಿಸಿಲಿಗಂತೂ ಬೇಡವೇ ಬೇಡ. ಕಿಟಕಿ ತೆಗೆದಿರೋ ರೂಮಲ್ಲಿ ಒಂದು ವಾರ ಸುಮ್ನೆ ಬಿಡಿ, ಆವಿ ತಾನಾಗೇ ಹೋಗಿ ಮೇಲ್ಮೈ ಮತ್ತೆ ಗಟ್ಟಿ ಆಗುತ್ತೆ. ವಾಸನೆ ಪೂರ್ತಿ ಹೋಗೋವರೆಗೂ ಸ್ಯಾಂಡ್ ಪೇಪರ್ ಮುಟ್ಟಬೇಡಿ, ನಾನು ಮೂರನೇ ದಿನಕ್ಕೇ ಶುರು ಮಾಡಿ ಸಾಸರ್ ಇನ್ನೂ ಕೆಡಿಸ್ದೆ.

ಈಗ ಜಾಗದ ವಿಷ್ಯ. ಕಿಟ್ ತರೋಕೆ ಮುಂಚೆ ಹಳೇ ಪ್ರಜಾವಾಣಿ ತಗೊಂಡು ಕಿಟ್ಟಿನ ನಿಜವಾದ ಸೈಜಿಗೆ ಕತ್ತರಿಸಿ ಎಲ್ಲಿಡ್ಬೇಕು ಅಂತಿದೀರೋ ಅಲ್ಲಿ ಒಂದು ವಾರ ಅಂಟಿಸಿ ಬಿಡಿ. ನಗಬೇಡಿ. ಬಾಗಿಲು ತೆಗೆದಾಗ ತಗುಲುತ್ತಾ, ಮನೆಯವರು ಏನಂತಾರೆ, ಎಲ್ಲಾ ಆ ಪೇಪರ್ರೇ ಹೇಳುತ್ತೆ. ಸ್ಕೇಲ್ ಲೆಕ್ಕ ಹಾಕೋದು ಕಷ್ಟ ಏನಲ್ಲ, ಯಮಾಟೊ 333 ಮೀಟರ್, 1/500 ಅಂದ್ರೆ 66 ಸೆಂಟಿಮೀಟರ್ ಮೇಲೆ, 1/1000 ತಗೊಂಡಿದ್ರೆ ಅರ್ಧ, ಪುಸ್ತಕದ ಶೆಲ್ಫಲ್ಲೇ ಕೂರ್ತಿತ್ತು. ಈಗ ಹೇಳಿ ಏನ್ ಪ್ರಯೋಜನ. ಮೋಬಿಯಸ್ ಕಂಪನಿಯ 1/144 ಡಿಸ್ಕವರಿ ("2001" ಸಿನಿಮಾದ ಹಡಗು) ಮೇಲೆ ಕಣ್ಣಿಟ್ಟಿರೋರು ಈ ಗುಂಪಲ್ಲಿ ಇದೀರಿ, ಅದು ಒಂದು ಮೀಟರ್ ದಾಟುತ್ತೆ, ಮೊದ್ಲು ಪೇಪರ್ ಅಂಟಿಸಿ.

ಐಕಿಯಾದವರು ಮಾರ್ತಿದ್ದ ಡೆಟಾಲ್ಫ್ ಗಾಜಿನ ಕಪಾಟು ಗುಂಡಮ್ ರೋಬೋ ಕಿಟ್ ಇಡೋಕೆ ಚಿನ್ನದಂಥದ್ದು, ಅದರ ಅಗಲ 43 ಸೆಂಟಿಮೀಟರ್. ಬಂದಾಯಿ ಕಂಪನಿಯ ಪರ್ಫೆಕ್ಟ್ ಗ್ರೇಡ್ ಫಾಲ್ಕನ್ (ಸ್ಟಾರ್ ವಾರ್ಸ್ ಹಡಗು) ಉದ್ದ 48, ನಿಮ್ಮ ಯಮಾಟೊ ಅಂತೂ ಕೇಳಲೇಬೇಡಿ. ಉದ್ದದ ಹಡಗಿಗೆ ಕಪಾಟು ಹುಡುಕೋದು ಬಿಟ್ಟು ಬಾಗಿಲ ಮೇಲೆ ನೋಡಿ. ಬಾಗಿಲು ಏಳಡಿ, ಸೂರು ಹತ್ತಡಿ, ಮಧ್ಯೆ ಮೂರಡಿ ಖಾಲಿ ಬಿದ್ದಿರುತ್ತೆ. ಲಿಂಟಲ್ ಮಟ್ಟದಲ್ಲಿ ಉದ್ದಕ್ಕೂ ಒಂದು ಪ್ಲೈ ಹಲಗೆ, ಎರಡೆರಡು ಅಡಿಗೆ ಎಲ್ ಬ್ರಾಕೆಟ್. ಯಮಾಟೊಗೆ 8 ಇಂಚು ಅಗಲ ಸಾಕು, ನನ್ನ ಎಂಟರ್‌ಪ್ರೈಸಿಗೆ 15 ಇಂಚು ಬೇಕಾಯ್ತು. ಮುಂದೆ ಒಂದಿಂಚು ಪಟ್ಟಿ ಹೊಡೀರಿ, ಮಿಕ್ಸಿ ಓಡೋ ಗೋಡೆ ಆದ್ರೆ ಸಾಮಾನು ದಿನಾ ಕೂದಲೆಳೆ ಕೂದಲೆಳೆ ಮುಂದೆ ಸರಿಯುತ್ತೆ. ಹೊಸ ಅಪಾರ್ಟ್‌ಮೆಂಟಿನ ಬೂದು ಬ್ಲಾಕ್ ಗೋಡೆಗೆ ಮಾಮೂಲಿ ಗಟ್ಟ ಹಿಡಿಯಲ್ಲ, ಅದಕ್ಕೇ ಬೇರೆ ಆಂಕರ್ ಇದೆ ಕೇಳಿ ತಗೊಳ್ಳಿ. ಬಾಡಿಗೆ ಮನೆ ಆದ್ರೆ ಓನರಿಗೆ ಮೊದ್ಲೇ ಹೇಳಿ, ಅಡ್ವಾನ್ಸಲ್ಲಿ ಮುರ್ಕೊಂಡ ಮೇಲೆ ಇಲ್ಲಿ ಬಂದು ಅಳಬೇಡಿ. ಹಲಗೆಗೆ ಮೈಕಾ ಅಂಟಿಸಿದ್ರೆ ಆ ರಬ್ಬರ್ ಗಮ್ ವಾಸನೆ ಪೂರ್ತಿ ಹೋಗ್ಲಿ, ಆಮೇಲೆ ಮಾಡೆಲ್ ಇಡಿ.

ಫಾಲ್ಕನ್ ಥರ ಚಪ್ಪಟೆ ಇರೋದನ್ನ ಮೇಜಿನ ಮೇಲೆ ಮಲಗಿಸೋದು ಜಾಗದ ದಂಡ, ಗೋಡೆಗೆ ನಿಲ್ಲಿಸಿ. ಕಟ್ಟುವಾಗಲೇ ಒಳಗೆ ಎರಡು ಕಡೆ 6 ಮಿಮೀ ನಟ್ಟು ಅರಾಲ್ಡೈಟ್ ಹಾಕಿ ಕೂರಿಸಿ. ಎರಡು, ಒಂದಲ್ಲ. ಒಂದೇ ಇದ್ರೆ ಗಡಿಯಾರದ ಮುಳ್ಳಿನ ಥರ ತಿರುಗುತ್ತೆ.

ದೊಡ್ಡದನ್ನ ಬಿಡಿಸಿಡೋ ಹಂಗೆ ಕಟ್ಟೋದು ಇನ್ನೊಂದು ದಾರಿ. ಎಂಟರ್‌ಪ್ರೈಸ್ ರಿಪೇರಿ ಮಾಡುವಾಗ ನಸೆಲ್ ಎರಡಕ್ಕೂ ಹಿತ್ತಾಳೆ ಟ್ಯೂಬ್ ಒಳಗೊಂದು ಟ್ಯೂಬ್, ತಳದಲ್ಲಿ ಮ್ಯಾಗ್ನೆಟ್, ವೈರಿಗೆ ಎರಡು ಪಿನ್ ಕನೆಕ್ಟರ್ ಹಾಕಿದೆ. ಈಗ ಮೂರು ತುಂಡು ಮಾಡಿದ್ರೆ ಮಂಚದ ಕೆಳಗೇ ಹೋಗುತ್ತೆ. ನೀವೂ ಆಂಟೆನಾಗಳಿಗೆ ಮಾಡೆಲ್ ಅಂಟು ಹಾಕಬೇಡಿ, ಇಳಿಸೋವಾಗ ಮೊದ್ಲು ಹೋಗೋದು ಅವೇ.

ಕಟ್ಟದೇ ಇರೋ ಕಿಟ್ಟುಗಳ ಡಬ್ಬ ನೆಲಕ್ಕೆ ಇಡಬೇಡಿ, ಗೆದ್ದಲು. ಡೆಕಾಲ್ (ಮೇಲೆ ಅಂಟಿಸೋ ಚಿತ್ರದ ಹಾಳೆ) ಮಾತ್ರ ಹೊರಗೆ ತೆಗೆದು ಸಿಲಿಕಾ ಜೆಲ್ ಜೊತೆ ಝಿಪ್ ಲಾಕಲ್ಲಿ ಚಪ್ಪಟೆ ಇಡಿ, ಕರಾವಳಿ ಕಡೆಯೋರು ಮಳೆಗಾಲಕ್ಕೆ ಮುಂಚೆನೇ ಮಾಡಿ. ಜಿರಳೆ ಕಾಟ ಅಂದ್ರೆ ಮುಚ್ಚಳ ಬಿಗಿಯಾಗಿರೋ ಡಬ್ಬ ತಗೊಳ್ಳಿ, ಗುಳಿಗೆ ಅಲ್ಲ.

ಇಳಿಸಿದ್ರಾ? ಡೆಕ್ ಹತ್ರದಿಂದ ಒಂದು ಫೋಟೋ ಹಾಕಿ, ನೋಡಿ ಹೇಳ್ತೀನಿ. ನಾಲ್ಕು ಗುಳಿಗೆ ಅಂದ್ರಲ್ಲ, ನಾಲ್ಕೂ ಸಿಕ್ತಾ ಎಣಿಸಿ, ಒಂದು ಟರೆಟ್ (ಫಿರಂಗಿ ಗೂಡು) ಸಂದೀಲಿ ಸಿಕ್ಕಾಕ್ಕೊಂಡಿರುತ್ತೆ.